ಮೊದಲು ಕತ್ತಲೆ, ಆಮೇಲೆ ಪರದೆ

ಡಿಜಿಟಲ್ ಸಿನಿಮಾ ಬಂದಾಗ ಹಾಲಿವುಡ್‌ನ ದೊಡ್ಡ ಸ್ಟುಡಿಯೊಗಳು ಒಟ್ಟಾಗಿ ಒಂದು ಮಾನದಂಡ ಬರೆದವು. ಥಿಯೇಟರಿನ ಪರದೆಯ ಮೇಲೆ ಪೂರ್ತಿ ಬಿಳಿ ಮೂಡಿದಾಗ ಅದರ ಹೊಳಪು 48 ನಿಟ್ ಇರಬೇಕು ಎಂಬುದು ಅದರಲ್ಲೊಂದು ನಿಯಮ. ನಮ್ಮ ಕೈಯಲ್ಲಿರುವ ಸಾಧಾರಣ ಫೋನೇ ಇದರ ಹತ್ತು ಪಟ್ಟು ಹೊಳೆಯುತ್ತದೆ. ಶೋರೂಮಿನ ಗೋಡೆಯಲ್ಲಿ ಸಾಲಾಗಿ ನಿಂತ ಹೊಸ ಟಿವಿಗಳ ಪಕ್ಕದ ಚೀಟಿಗಳಲ್ಲಿ 1,500, 3,000 ಎಂಬ ಅಂಕಿಗಳು ಕಾಣುತ್ತವೆ. ಹಾಗಿದ್ದೂ ಥಿಯೇಟರಿನಿಂದ ಹೊರಬಂದವರು ಚಿತ್ರ ಮಂಕಾಗಿತ್ತೆಂದು ಗೊಣಗುವುದು ಅಪರೂಪ. (ಗೊಣಗಿದರೆ ಅದು ಹಳೇ ಬಲ್ಬಿನಲ್ಲೇ ಕಾಲ ತಳ್ಳುವ ಮಾಲೀಕರ ಮೇಲಿನ ಸಿಟ್ಟು.) ಕಾರಣ ಎಲ್ಲರಿಗೂ ಗೊತ್ತಿರುವುದೇ. ಅಲ್ಲಿ ದೀಪ ಆರಿಸುತ್ತಾರೆ. ಸುತ್ತ ಕತ್ತಲಾದಾಗ ಕಣ್ಣು ತನ್ನ ಅಳತೆಯನ್ನೇ ಬದಲಿಸಿಕೊಳ್ಳುತ್ತದೆ. ಆ 48 ನಿಟ್‌ನಲ್ಲೇ ನಾವು ನಡುಹಗಲಿನ ಬಿಸಿಲನ್ನು ಕಂಡೆವೆಂದು ನಂಬುತ್ತೇವೆ.

ಮನೆಗೆ ದೊಡ್ಡ ಪರದೆ ತರಲು ಹೊರಟವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಪ್ರೊಜೆಕ್ಟರೋ, ಓಎಲ್‌ಇಡಿಯೋ, ಮಿನಿ ಎಲ್‌ಇಡಿಯೋ? ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಆ ಕೋಣೆಯಲ್ಲಿ ಎಷ್ಟು ಕತ್ತಲೆ ಸಿಗುತ್ತದೆ, ದಿನದ ಯಾವ ಹೊತ್ತಿಗೆ ಸಿಗುತ್ತದೆ, ಮನೆಯಲ್ಲಿ ಯಾರ ಒಪ್ಪಿಗೆಯ ಮೇಲೆ ಸಿಗುತ್ತದೆ ಎಂಬುದು ಮೊದಲನೆಯದು. ಇದಕ್ಕೆ ಪ್ರಾಮಾಣಿಕವಾಗಿ ಉತ್ತರ ಹೇಳಿಕೊಂಡವರಿಗೆ ತಂತ್ರಜ್ಞಾನದ ಆಯ್ಕೆ ಮುಕ್ಕಾಲು ಪಾಲು ತಾನಾಗಿಯೇ ಮುಗಿದಿರುತ್ತದೆ. ಅಂಗಡಿಯವರು ಮಾರುವುದು ಬೆಳಕನ್ನು. ಸಿನಿಮಾಕ್ಕೆ ಅಷ್ಟೇ ಬೇಕಾದ ಕಪ್ಪನ್ನು ಬಹುಮಟ್ಟಿಗೆ ಮನೆಯೇ ಒದಗಿಸಿಕೊಳ್ಳಬೇಕು.

ಪ್ರೊಜೆಕ್ಟರಿನಿಂದಲೇ ಶುರುಮಾಡೋಣ. ಹೋಮ್ ಥಿಯೇಟರ್ ಎಂದೊಡನೆ ಆಸೆ ಮೊದಲು ಓಡುವುದು ಅದರ ಕಡೆಗೇ. ಲೆಕ್ಕ ಹೈಸ್ಕೂಲಿನ ಮಟ್ಟದ್ದು. 100 ಇಂಚಿನ ಪರದೆಯ ವಿಸ್ತೀರ್ಣ ಸುಮಾರು ಎರಡೂ ಮುಕ್ಕಾಲು ಚದರ ಮೀಟರ್. ಅದರ ಮೇಲೆ 2,000 ಲ್ಯೂಮೆನ್ ಬೆಳಕು ಹರಡಿದರೆ 730 ಲಕ್ಸ್‌ನ ಆಸುಪಾಸು. ಸಾದಾ ಬಿಳಿ ಪರದೆ ಬಿದ್ದ ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುವುದರಿಂದ ಅದನ್ನು ಪೈಯಿಂದ, ಅಂದರೆ 3.14ರಿಂದ ಭಾಗಿಸಬೇಕು. ಬಂದದ್ದು 230 ನಿಟ್, ಥಿಯೇಟರಿನ ಹೆಚ್ಚುಕಡಿಮೆ ಐದು ಪಟ್ಟು. ಇಲ್ಲಿಯವರೆಗೆ ಖುಷಿಯ ಸಂಗತಿಯೇ. ಈಗ ಟ್ಯೂಬ್‌ಲೈಟ್ ಹಾಕಿ. ಪರದೆಯ ಮೇಲೆ ಬರೀ 100 ಲಕ್ಸ್ ಬಿತ್ತೆಂದುಕೊಳ್ಳೋಣ. ರಾತ್ರಿ ದೀಪ ಉರಿಯುವ ಹಾಲ್‌ನಲ್ಲಿ ಅದೇನೂ ಹೆಚ್ಚಲ್ಲ. ಆಗ ಚಿತ್ರದಲ್ಲಿ ಕಪ್ಪಾಗಿರಬೇಕಾದ ಜಾಗವೂ 32 ನಿಟ್ ಹೊಳೆಯುತ್ತದೆ. ಬಿಳಿಗೂ ಕಪ್ಪಿಗೂ ಉಳಿದ ಅಂತರ ಎಂಟು ಪಟ್ಟು, ಅಷ್ಟೇ. ಅದೇ ಯಂತ್ರ ಕತ್ತಲೆಯಲ್ಲಿ ಸಾವಿರ ಪಟ್ಟು ಅಂತರ ಕೊಡಬಲ್ಲದು.

ಇಲ್ಲಿ ಎಡವುವವರು ಹೆಚ್ಚು. ಚಿತ್ರ ತೆಳುವಾಗಿ ಕಂಡರೆ ಯಂತ್ರಕ್ಕೆ ಶಕ್ತಿ ಸಾಲದು ಎಂದುಕೊಂಡು ಇನ್ನೂ ದುಬಾರಿಯದಕ್ಕೆ ಕೈಹಾಕುತ್ತಾರೆ. 2,000 ಲ್ಯೂಮೆನ್ ಇದ್ದದ್ದು 4,000 ಆದರೆ ಮೇಲಿನ ಲೆಕ್ಕದಲ್ಲಿ ಎಂಟಿದ್ದದ್ದು ಹದಿನೈದಾಗುತ್ತದೆ. ಗೋಡೆಯ ಸ್ವಿಚ್ ಒತ್ತಿದರೆ ಎಂಟಿದ್ದದ್ದು ನೂರಾರು ಪಟ್ಟಿಗೆ ಹಾರುತ್ತದೆ, ಅದಕ್ಕೆ ದುಡ್ಡೂ ಬೇಡ. ಪ್ರೊಜೆಕ್ಟರ್ ಬೆಳಕನ್ನು ಎಸೆಯಬಲ್ಲದು, ಕಪ್ಪನ್ನು ಎಸೆಯಲಾರದು. ಯಂತ್ರವನ್ನು ಆಫ್ ಮಾಡಿ, ನೀವು ಸಿನಿಮಾ ನೋಡುವ ಹೊತ್ತಿನ ಬೆಳಕಿನಲ್ಲೇ ಖಾಲಿ ಪರದೆಯನ್ನೊಮ್ಮೆ ದಿಟ್ಟಿಸಿ. ಅಲ್ಲಿ ಕಾಣುವ ಬಣ್ಣವೇ ನಿಮ್ಮ ಸಿನಿಮಾದ ಕಪ್ಪು. ಅದು ತಿಳಿಬೂದಿಯಾಗಿದ್ದರೆ ಯಾವ ಕಂಪನಿಯ ಯಾವ ಮಾಡೆಲ್ಲೂ ಅದನ್ನು ಇನ್ನಷ್ಟು ಕಪ್ಪು ಮಾಡಲಾರದು.

ದೀಪ ಆರಿಸಿದರೂ ಕೆಲಸ ಪೂರ್ತಿಯಾಗದು. ನಮ್ಮ ಮನೆಗಳ ಗೋಡೆ ಬಿಳಿ ಅಥವಾ ಕೆನೆಬಣ್ಣ, ಸೀಲಿಂಗ್ ಬಿಳಿ, ನೆಲಕ್ಕೆ ಮುಖ ಕಾಣುವಂಥ ವಿಟ್ರಿಫೈಡ್ ಟೈಲ್ಸ್. ಪರದೆಯಿಂದ ಹೊರಟ ಬೆಳಕು ಇವುಗಳಿಗೆ ಬಡಿದು ಮತ್ತೆ ಪರದೆಗೇ ಮರಳುತ್ತದೆ. ಚಿತ್ರದ ಒಂದು ಮೂಲೆಯ ಆಕಾಶ ಇನ್ನೊಂದು ಮೂಲೆಯ ನೆರಳನ್ನು ತೊಳೆದುಬಿಡುತ್ತದೆ. ಥಿಯೇಟರಿನ ಗೋಡೆಗಳಿಗೆ ಕಡುಗೆಂಪೋ ಕಡುನೀಲಿಯೋ ಬಟ್ಟೆ ಹೊದಿಸಿರುವುದು ಸದ್ದಿನ ಸಲುವಾಗಿ ಮಾತ್ರವಲ್ಲ, ಇದಕ್ಕಾಗಿಯೂ ಹೌದು. ಪರದೆಯ ಹತ್ತಿರದ ನಾಲ್ಕೈದು ಅಡಿ ಗೋಡೆಗೂ ಸೀಲಿಂಗಿಗೂ ಹೊಳಪಿಲ್ಲದ ಗಾಢ ಬಣ್ಣ ಬಳಿದರೆ ಆಗುವ ಲಾಭ ಎಷ್ಟೋ ಸಲ ಪ್ರೊಜೆಕ್ಟರನ್ನೇ ಬದಲಿಸಿದ ಲಾಭಕ್ಕಿಂತ ಹೆಚ್ಚು. ಆದರೆ ಹೊಸ ಮನೆಯ ಹಾಲ್‌ಗೆ ಕಪ್ಪು ಸೀಲಿಂಗ್ ಮಾಡಿಸುತ್ತೇನೆಂದು ಮನೆಯವರ ಮುಂದೆ ಹೇಳಿ ನೋಡಿ.

ಮನೆಯೊಳಗಿನ ಬೆಳಕಿಗೂ ಒಂದು ರಾಜಕೀಯವಿದೆ. ನಮ್ಮಲ್ಲಿ ಹಾಲ್ ಯಾರೊಬ್ಬರದೂ ಅಲ್ಲ. ಒಂದು ಮೂಲೆಯಲ್ಲಿ ಮಗು ಹೋಂವರ್ಕ್ ಬರೆಯುತ್ತಿರುತ್ತದೆ, ಅಜ್ಜಿ ಅವರೆಕಾಯಿ ಸುಲಿಯುತ್ತಿರುತ್ತಾರೆ, ತೆರೆದ ಅಡುಗೆಮನೆಯ ಬೆಳಕು ಇತ್ತ ಚೆಲ್ಲಿರುತ್ತದೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಕತ್ತಲಾಗಿರಬಾರದು ಎಂಬ ನಂಬಿಕೆ ಬೇರೆ. ಭಾನುವಾರ ಮಧ್ಯಾಹ್ನ ಎರಡಕ್ಕೆ ಬಾಲ್ಕನಿಯ ಗಾಜಿನ ಬಾಗಿಲಿಗೆ ದಪ್ಪ ಪರದೆ ಎಳೆದು ಎಲ್ಲರನ್ನೂ ಕತ್ತಲಲ್ಲಿ ಕೂರಿಸುವ ಅಧಿಕಾರ ಯಾರಿಗಿದೆ? ಹೆಚ್ಚಿನ ಮನೆಗಳಲ್ಲಿ ಸಂಬಳ ತರುವ ಗಂಡಸು ತನಗಿದೆ ಎಂದುಕೊಂಡಿರುತ್ತಾನೆ, ಪ್ರೊಜೆಕ್ಟರ್ ಬಂದ ವಾರದಲ್ಲೇ ಇಲ್ಲವೆಂದು ತಿಳಿಯುತ್ತದೆ. ಆ ಅಧಿಕಾರವನ್ನು ಹಟದಿಂದ ಪಡೆದುಕೊಳ್ಳುವುದೂ ನನಗೆ ಸರಿಕಾಣದು. ಒಬ್ಬರ ಸಿನಿಮಾಕ್ಕೆ ಉಳಿದವರೆಲ್ಲ ತಡಕಾಡುವುದಾದರೆ ಅದು ಮನೆಯ ಥಿಯೇಟರ್ ಅಲ್ಲ, ಮನೆಯನ್ನು ಆಕ್ರಮಿಸಿಕೊಂಡ ಥಿಯೇಟರ್. ಹಾಗಾಗಿ ಹಾಲ್ ಬಿಟ್ಟರೆ ಬೇರೆ ಜಾಗವಿಲ್ಲದವರಿಗೆ ಪ್ರೊಜೆಕ್ಟರ್ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ.

ಇದಕ್ಕೆ ಬರುವ ಉತ್ತರ ಗೊತ್ತು. ಗೋಡೆಗೆ ಅಂಟಿದಂತೆ ಕೂತು ಕೆಳಗಿನಿಂದ ಮೇಲಕ್ಕೆ ಚಿತ್ರ ಬಿಡುವ ಅಲ್ಟ್ರಾ ಶಾರ್ಟ್ ಥ್ರೋ ಲೇಸರ್ ಪ್ರೊಜೆಕ್ಟರ್ ಬಂದಿದೆ, ಸುತ್ತಲಿನ ಬೆಳಕನ್ನು ತಳ್ಳಿಹಾಕುವ ಎಎಲ್‌ಆರ್ ಪರದೆಯೂ ಬಂದಿದೆಯಲ್ಲ? ಬಂದಿದೆ, ಕೆಲಸವನ್ನೂ ಮಾಡುತ್ತದೆ. ಆ ಪರದೆಯ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಅಡ್ಡಗೆರೆಗಳಿರುತ್ತವೆ. ಕೆಳಗಿನಿಂದ ಬಂದ ಬೆಳಕನ್ನು ನೋಡುವವರತ್ತ ತಿರುಗಿಸಿ, ಸೀಲಿಂಗ್ ದೀಪದಿಂದ ಇಳಿಯುವುದನ್ನು ಅವು ನುಂಗಿಕೊಳ್ಳುತ್ತವೆ. ಆದರೆ ಎದುರಿನ ಕಿಟಕಿಯಿಂದ ನೇರವಾಗಿ ಬಂದು ಬೀಳುವ ಹಗಲಿನ ಮುಂದೆ ಅವುಗಳ ಆಟ ನಡೆಯದು. ಪರದೆ ಒಂದಿಷ್ಟೂ ಸುಕ್ಕಿಲ್ಲದೆ ಬಿಗಿಯಾಗಿರಬೇಕು. ಯಂತ್ರ ಒಂದು ಬೆರಳಗಲ ಸರಿದರೆ ಚಿತ್ರದ ಮೂಲೆ ಸೊಟ್ಟಗಾಗುತ್ತದೆ. ಯಂತ್ರಕ್ಕೂ ಪರದೆಗೂ ಸೇರಿ ಕೊಡುವ ಹಣದಲ್ಲಿ ಈಗ ಅಷ್ಟೇ ಅಗಲದ ಟಿವಿ ಬರುತ್ತಿರುವಾಗ ಈ ದಾರಿಯ ಆಕರ್ಷಣೆ ವರ್ಷ ಕಳೆದಂತೆ ಕುಗ್ಗುತ್ತಿದೆ.

ಟಿವಿ ಅಷ್ಟು ಅಗಲವಾದದ್ದು ಹೇಗೆ ಎಂಬುದು ಕೇಳಬೇಕಾದ ಕಥೆ. ಹದಿನೈದು ವರ್ಷದ ಹಿಂದೆ ಸಿನಿಮಾ ಪ್ರಿಯರು ಎತ್ತಿಹಿಡಿಯುತ್ತಿದ್ದದ್ದು ಪ್ಲಾಸ್ಮಾ. 1964ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ತಂತ್ರ ಅದು. ಪಯೊನೀರ್ ಕಂಪನಿಯ ಕುರೊ ಟಿವಿಗಳ ಕಪ್ಪನ್ನು ಇಂದಿಗೂ ನೆನೆಯುವವರಿದ್ದಾರೆ. ಆದರೂ ಪಯೊನೀರ್ ಟಿವಿ ವ್ಯಾಪಾರವನ್ನೇ ಬಿಟ್ಟಿತು, ಪ್ಯಾನಾಸೋನಿಕ್ 2013ರಲ್ಲಿ ಪ್ಲಾಸ್ಮಾ ತಯಾರಿಕೆ ನಿಲ್ಲಿಸಿತು, ಮರುವರ್ಷ ಸ್ಯಾಮ್ಸಂಗ್ ಮತ್ತು ಎಲ್‌ಜಿ ಕೂಡ ಕೈಬಿಟ್ಟವು. ಚಿತ್ರ ಕೆಟ್ಟದಾಗಿದ್ದುದರಿಂದ ಸೋತದ್ದಲ್ಲ. ಶೋರೂಮಿನ ಝಗಮಗ ಬೆಳಕಿನಲ್ಲಿ ಪಕ್ಕದ ಎಲ್‌ಸಿಡಿ ಇನ್ನೂ ಪ್ರಖರವಾಗಿ ಕಂಡಿತು, ಕಾರ್ಖಾನೆಯಲ್ಲಿ ಅಗ್ಗಕ್ಕೂ ಬಂತು. ಮುಂದೆ ಚೀನಾದ ಬಿಒಇ ಕಂಪನಿ ಹೆಫೈ ನಗರದಲ್ಲಿ 2017ರ ಕೊನೆಗೆ ಶುರುಮಾಡಿದ ಕಾರ್ಖಾನೆಯಲ್ಲಿ ಒಂದೊಂದು ಗಾಜಿನ ಹಾಳೆಯ ಅಳತೆ 3,370 ಮಿ.ಮೀ. ಉದ್ದ, 2,940 ಮಿ.ಮೀ. ಅಗಲ. ಒಂದು ಹಾಳೆಯಲ್ಲಿ 65 ಇಂಚಿನವು ಎಂಟು, 75 ಇಂಚಿನವಾದರೆ ಆರು. ಇಂಥ ಕಾರ್ಖಾನೆಗಳು ಒಂದರ ಹಿಂದೊಂದು ಎದ್ದ ಮೇಲೆ ದೊಡ್ಡ ಎಲ್‌ಸಿಡಿಯ ಬೆಲೆ ಮಧ್ಯಮ ವರ್ಗದ ಇಎಂಐಗೆ ಎಟುಕಿತು. ನಮ್ಮಲ್ಲಿ 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದದ್ದು ಮೇಲಿನ ಲಾಭ. ಯಾವ ತಂತ್ರ ಅತ್ಯುತ್ತಮ ಎಂಬುದಕ್ಕಿಂತ ಯಾವ ಗಾಜನ್ನು ಯಾವ ಅಳತೆಗೆ ಕತ್ತರಿಸಿದರೆ ವ್ಯರ್ಥವಾಗದು ಎಂಬುದೇ ನಮ್ಮ ಮುಂದಿನ ಆಯ್ಕೆಗಳನ್ನು ನಿರ್ಧರಿಸಿದೆ.

ಎಷ್ಟು ದೊಡ್ಡದು ಬೇಕು ಎಂಬ ಮಾತಿಗೆ ಟೇಪು ಹಿಡಿದರೆ ಸಾಕು. ಪರದೆ ನೋಟದ 30 ಡಿಗ್ರಿಯನ್ನಾದರೂ ತುಂಬಬೇಕು ಎಂಬುದು ಸಿನಿಮಾ ಎಂಜಿನಿಯರುಗಳು ಬಹಳ ಕಾಲದಿಂದ ಪಾಲಿಸಿಕೊಂಡು ಬಂದ ಅಳತೆ. ಥಿಯೇಟರಿನ ನಡುಸಾಲಿನ ಅನುಭವ ಬೇಕೆಂದರೆ 40ರ ಹತ್ತಿರ. ಸೋಫಾ ಗೋಡೆಯಿಂದ ಹತ್ತು ಅಡಿ ದೂರವಿದ್ದರೆ 30 ಡಿಗ್ರಿಗೆ 75 ಇಂಚು ಬೇಕು, 40ಕ್ಕೆ 100 ಇಂಚು. ಅದೇ ದೂರದಲ್ಲಿ 55 ಇಂಚಿನದು 23 ಡಿಗ್ರಿಯನ್ನೂ ತುಂಬದು. ಇದರಿಂದ ಇನ್ನೊಂದು ವಿಷಯವೂ ಸ್ಪಷ್ಟವಾಗುತ್ತದೆ. ಒಳ್ಳೆಯ ಕಣ್ಣು ಬಿಡಿಸಿ ನೋಡಬಲ್ಲ ಅತಿ ಸಣ್ಣ ಕೋನ ಡಿಗ್ರಿಯ ಅರವತ್ತನೇ ಒಂದು ಭಾಗ. ಆ ಲೆಕ್ಕದಲ್ಲಿ 55 ಇಂಚಿನ ಟಿವಿಯಲ್ಲಿ ಫುಲ್ ಎಚ್‌ಡಿಯ ಬಿಂದುಗಳೇ ಏಳೂ ಕಾಲು ಅಡಿಯಾಚೆ ಬೇರೆಬೇರೆಯಾಗಿ ಕಾಣುವುದಿಲ್ಲ. ಹತ್ತಡಿಯಲ್ಲಿ ಕೂತವರಿಗೆ 4ಕೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. 100 ಇಂಚಿಗೆ ಬಂದಾಗ 4ಕೆ ತನ್ನ ಬೆಲೆ ತೀರಿಸುತ್ತದೆ. 8ಕೆ ಎಂದು ಬರೆದ ಪೆಟ್ಟಿಗೆಯ ಮುಂದೆ ನಿಂತವರು ಮಾತ್ರ ಅಲ್ಲಿಂದ ನಿಶ್ಚಿಂತೆಯಾಗಿ ಮುಂದೆ ನಡೆಯಬಹುದು.

ಇನ್ನು ಟಿವಿಯೊಳಗಿನ ಎರಡು ಪಂಗಡಗಳ ಜಗಳ. ಎಲ್‌ಸಿಡಿಯಲ್ಲಿ ಹಿಂದೆ ದೀಪ ಉರಿಯುತ್ತಲೇ ಇರುತ್ತದೆ, ಮುಂದಿನ ದ್ರವಸ್ಫಟಿಕದ ಪದರ ಅದನ್ನು ತಡೆಯಲು ಹೆಣಗುತ್ತದೆ. ಎಷ್ಟು ಬಿಗಿಯಾಗಿ ಮುಚ್ಚಿದರೂ ಸ್ವಲ್ಪ ಸೋರುತ್ತದೆ. ಓಎಲ್‌ಇಡಿಯಲ್ಲಿ 83 ಲಕ್ಷ ಬಿಂದುಗಳೂ ತಾವೇ ಉರಿಯುತ್ತವೆ, ತಾವೇ ಆರುತ್ತವೆ. ಆರಿದ ಬಿಂದು ಎಂದರೆ ನಿಜವಾದ ಕಪ್ಪು. 1987ರಲ್ಲಿ ಕೊಡ್ಯಾಕ್ ಪ್ರಯೋಗಾಲಯದ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಇದರ ಮೂಲ ವಿನ್ಯಾಸವನ್ನು ಪ್ರಕಟಿಸಿದರು. 55 ಇಂಚಿನ ಟಿವಿಯಾಗಿ ಅಂಗಡಿಗೆ ಬರಲು 2013 ಆಗಬೇಕಾಯಿತು. ಮಿನಿ ಎಲ್‌ಇಡಿ ಇವೆರಡರ ನಡುವಿನ ರಾಜಿ. ಹಿಂದಿನ ದೀಪವನ್ನು ನೂರಾರು ಅಥವಾ ಸಾವಿರಾರು ಚೂರು ಮಾಡಿ, ಕತ್ತಲೆ ಬೇಕಾದ ಕಡೆ ಆಯಾ ಚೂರನ್ನು ಆರಿಸುತ್ತದೆ. ಸಾವಿರ ಚೂರು ಎಂದರೂ ಒಂದೊಂದು ಚೂರಿನ ಮುಂದೆ ಎಂಟು ಸಾವಿರಕ್ಕೂ ಹೆಚ್ಚು ಬಿಂದುಗಳಿರುತ್ತವೆ.

ಈ ವ್ಯತ್ಯಾಸ ಕಣ್ಣಿಗೆ ರಾಚುವ ಜಾಗ ಬೇಕೆಂದರೆ ‘ಕಾಂತಾರ’ದ ಕೋಲದ ರಾತ್ರಿ ನೋಡಿ. ಸುತ್ತ ಗಾಢ ಇರುಳು, ನಡುವೆ ಬೆಂಕಿ, ಬಣ್ಣ ಹಚ್ಚಿದ ಮುಖ. ಓಎಲ್‌ಇಡಿಯಲ್ಲಿ ಜ್ವಾಲೆಯ ಅಂಚು ಕತ್ತರಿಸಿಟ್ಟಷ್ಟು ಚೊಕ್ಕಟ, ಅದರಾಚೆ ಕತ್ತಲೆ ಕತ್ತಲೆಯೇ. ಸಾಧಾರಣ ಎಲ್‌ಸಿಡಿಯಲ್ಲಿ ಇಡೀ ರಾತ್ರಿಗೆ ನೀಲಿಬೂದಿ ಮುಸುಕು. ಮಿನಿ ಎಲ್‌ಇಡಿಯಲ್ಲಿ ರಾತ್ರಿ ಚೆನ್ನಾಗಿಯೇ ಇರುತ್ತದೆ, ಬೆಂಕಿಯ ಸುತ್ತ ತೆಳ್ಳನೆಯ ಪ್ರಭೆಯೊಂದು ಅಂಟಿಕೊಂಡಿರುತ್ತದೆ. ಮಲಯಾಳಂ ಸಿನಿಮಾವನ್ನು ಸಬ್‌ಟೈಟಲ್ ಇಟ್ಟುಕೊಂಡು ನೋಡುವವರಿಗೆ ಆ ಪ್ರಭೆ ಅಕ್ಷರಗಳ ಸುತ್ತಲೂ ಕಾಣಿಸುತ್ತದೆ. ಇನ್ನು ಪರದೆಯ ಆಕಾರ. 1977ರ ‘ಸೊಸೆ ತಂದ ಸೌಭಾಗ್ಯ’ ಕನ್ನಡಕ್ಕೆ ಸಿನಿಮಾಸ್ಕೋಪ್ ತಂದಾಗಿನಿಂದ ಆ ಅಗಲ ಚೌಕಟ್ಟು ನಮ್ಮ ನಿರ್ದೇಶಕರ ಕೈಬಿಟ್ಟಿಲ್ಲ. ಅಂಥ ಚಿತ್ರ ಟಿವಿಗೆ ಬಂದಾಗ ಮೇಲೂ ಕೆಳಗೂ ಸೇರಿ ಪರದೆಯ ಕಾಲು ಭಾಗ ಖಾಲಿ ಪಟ್ಟಿ. ಓಎಲ್‌ಇಡಿಯಲ್ಲಿ ಆ ಪಟ್ಟಿಗಳು ಕತ್ತಲ ಕೋಣೆಯಲ್ಲಿ ಮಾಯವಾಗುತ್ತವೆ, ಎಲ್‌ಸಿಡಿಯಲ್ಲಿ ಬೂದುಬಣ್ಣದ ಚೌಕಟ್ಟಾಗಿ ಚಿತ್ರದುದ್ದಕ್ಕೂ ಕೂತಿರುತ್ತವೆ.

ಗಮನಿಸಿ, ಕತ್ತಲ ಕೋಣೆಯಲ್ಲಿ. ಕಿಟಕಿಯ ಎದುರಿನ ಓಎಲ್‌ಇಡಿ ಹಗಲಿನಲ್ಲಿ ಕನ್ನಡಿಯ ಕೆಲಸ ಮಾಡುತ್ತದೆ. ಕ್ಯೂಡಿ-ಓಎಲ್‌ಇಡಿ ಬಗೆಯ ಪರದೆಗಳ ಕಪ್ಪು ಬೆಳಕಿನಲ್ಲಿ ನೇರಳೆಗೆ ತಿರುಗುತ್ತದೆ. ಇಡೀ ಪರದೆ ಬೆಳ್ಳಗಾದಾಗ, ಹಗಲು ಪಂದ್ಯದ ಮೈದಾನ ಪೂರ್ತಿ ತುಂಬಿದಾಗ, ಬಿಸಿ ಹಾಗೂ ವಿದ್ಯುತ್ತಿನ ಮಿತಿಯಿಂದ ಓಎಲ್‌ಇಡಿ ಹೊಳಪನ್ನು ತಾನೇ ತಗ್ಗಿಸಿಕೊಳ್ಳುತ್ತದೆ; ಚೀಟಿಯಲ್ಲಿದ್ದ ಅಂಕಿ ಪರದೆಯ ಪುಟ್ಟ ತುಣುಕೊಂದರಲ್ಲಿ ಅಳೆದದ್ದು. ಕತ್ತಲಿಲ್ಲದ ಮನೆಗೆ ಓಎಲ್‌ಇಡಿ ತಂದವರು ಕಪ್ಪಿಗೆ ದುಡ್ಡು ಕೊಟ್ಟೂ ಅದನ್ನು ಕಾಣುವುದಿಲ್ಲ.

ಓಎಲ್‌ಇಡಿಗೆ ನಮ್ಮ ನೆಲದ್ದೇ ಆದ ಒಬ್ಬ ಶತ್ರುವಿದ್ದಾನೆ: ನ್ಯೂಸ್ ಚಾನೆಲ್. ಉರಿದಷ್ಟೂ ಸವೆಯುವ ಬಿಂದುಗಳಿವು. ಒಂದೇ ಜಾಗದಲ್ಲಿ ಒಂದೇ ಬಣ್ಣ ವರ್ಷಗಟ್ಟಲೆ ಉರಿದರೆ ಅಲ್ಲಿನ ಬಿಂದುಗಳು ಉಳಿದವಕ್ಕಿಂತ ಬೇಗ ಮುದಿಯಾಗಿ ಅಳಿಸಲಾಗದ ನೆರಳು ಉಳಿಯುತ್ತದೆ. ನಮ್ಮ ಸುದ್ದಿವಾಹಿನಿಯ ಪರದೆಯನ್ನು ನೆನಪಿಸಿಕೊಳ್ಳಿ. ಕೆಳಗೆ ಕೆಂಪು ಪಟ್ಟಿ, ಅದರ ಕೆಳಗೆ ಓಡುವ ಹಳದಿ ಪಟ್ಟಿ, ಮೂಲೆಯಲ್ಲಿ ಲೋಗೊ, ಇನ್ನೊಂದು ಮೂಲೆಯಲ್ಲಿ ‘ಬ್ರೇಕಿಂಗ್’, ಎಲ್ಲವೂ ಬೆಳಿಗ್ಗೆ ಆರರಿಂದ ರಾತ್ರಿಯವರೆಗೆ ಅಲುಗಾಡದೆ.  ಅಪ್ಪ ನಿವೃತ್ತರಾಗಿ ದಿನವಿಡೀ ನ್ಯೂಸ್ ಹಾಕಿಕೊಂಡಿರುವ ಮನೆಗೆ ಓಎಲ್‌ಇಡಿ ತರುವುದಾದರೆ ಅಪ್ಪನಿಗೆ ಬೇರೊಂದು ಸಣ್ಣ ಟಿವಿ ಕೊಡಿಸುವ ಖರ್ಚನ್ನೂ ಸೇರಿಸಿಕೊಳ್ಳಬೇಕು. ಹೊಸ ಮಾಡೆಲ್‌ಗಳಲ್ಲಿ ಬಿಂದುಗಳನ್ನು ಅತ್ತಿತ್ತ ಜರುಗಿಸುವ, ಲೋಗೊ ಕಂಡರೆ ಮಬ್ಬಾಗಿಸುವ ಏರ್ಪಾಡುಗಳಿವೆ. ರಾತ್ರಿ ಸಿನಿಮಾ, ಧಾರಾವಾಹಿ ನೋಡುವವರಿಗೆ ಅಷ್ಟು ಸಾಕು. ದಿನಕ್ಕೆ ಎಂಟು ಗಂಟೆ ಸುದ್ದಿ ನೋಡುವವರಿಗೆ ಸಾಲದು.

ಹಾಗಾದರೆ ಪ್ರೊಜೆಕ್ಟರ್ ಯಾರಿಗೆ? ಮಹಡಿ ಮೇಲೆ ಒಂದು ಕೋಣೆ ಖಾಲಿ ಇರುವವರಿಗೆ, ಕಿಟಕಿ ಮುಚ್ಚಿದರೆ ಯಾರ ಕೆಲಸವೂ ಕೆಡದ ಜಾಗ ಇರುವವರಿಗೆ. ಅವರಿಗೆ ನಾನು ಟಿವಿ ಹೇಳುವುದಿಲ್ಲ. 120 ಇಂಚಿನ ಚಿತ್ರ 65 ಇಂಚಿನದಕ್ಕಿಂತ ವಿಸ್ತೀರ್ಣದಲ್ಲಿ ಮೂರೂವರೆ ಪಟ್ಟಿನ ಹತ್ತಿರ. ಆ ಗಾತ್ರದಲ್ಲಿ ಮುಖದ ಮೇಲಿನ ಭಾವ ಓದುವ ರೀತಿಯೇ ಬೇರೆಯಾಗುತ್ತದೆ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ 4ಕೆಯಲ್ಲಿ ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಉತ್ಸವದಲ್ಲಿ ಪ್ರದರ್ಶನ ಕಂಡಿತು. ಎಸ್. ರಾಮಚಂದ್ರ ಅವರ ಆ ಕಪ್ಪುಬಿಳುಪು ಛಾಯಾಗ್ರಹಣದಂಥ ಕೆಲಸವನ್ನು ಕತ್ತಲೆ ಕೋಣೆಯಲ್ಲಿ, ಪರದೆಯಿಂದ ಮೆತ್ತಗೆ ಹಿಂದಿರುಗುವ ಬೆಳಕಿನಲ್ಲಿ ನೋಡುವುದಕ್ಕೂ ನೂರಾರು ನಿಟ್ ಕಣ್ಣಿಗೆ ತೂರುವ ಗಾಜಿನಲ್ಲಿ ನೋಡುವುದಕ್ಕೂ ಹೋಲಿಕೆಯಿಲ್ಲ. ಆದರೆ ಕಪ್ಪುಬಿಳುಪೇ ಪ್ರೊಜೆಕ್ಟರಿನ ಕಠಿಣ ಪರೀಕ್ಷೆಯೂ ಹೌದು. ಮನೆಬಳಕೆಯ ಡಿಎಲ್‌ಪಿ ಎಂಬ ಬಗೆಯ ಯಂತ್ರಗಳಲ್ಲಿ ಚಿಪ್ ಒಂದೇ. ಕೆಂಪು, ಹಸಿರು, ನೀಲಿಗಳನ್ನು ಒಂದಾದ ಮೇಲೊಂದರಂತೆ ಅತಿ ವೇಗವಾಗಿ ಬಿಡುತ್ತದೆ, ಕಣ್ಣು ಅವನ್ನು ಬೆರೆಸಿಕೊಳ್ಳುತ್ತದೆ. ಥಿಯೇಟರಿನ ಡಿಎಲ್‌ಪಿಯಲ್ಲಿ ಮೂರು ಬಣ್ಣಕ್ಕೆ ಮೂರು ಚಿಪ್. ಕೆಲವರ ಕಣ್ಣಿಗೆ ಮನೆಯ ಯಂತ್ರದ ಬಣ್ಣಗಳು ಬೆರೆಯುವುದಿಲ್ಲ. ಕಪ್ಪಿನ ಮೇಲಿನ ಬಿಳಿ ಅಂಚಿನಲ್ಲಿ ಮಳೆಬಿಲ್ಲಿನ ಎಳೆ ಮಿಂಚಿ ಹೋಗುತ್ತದೆ, ತಲೆನೋವೂ ಬರಬಹುದು. ಮನೆಯಲ್ಲಿ ಯಾರಿಗೆ ಹಾಗೆ ಕಾಣುತ್ತದೆಂದು ಮೊದಲೇ ಹೇಳಲಾಗದು. ಕೊಳ್ಳುವ ಮುನ್ನ ಎಲ್ಲರನ್ನೂ ಕರೆದುಕೊಂಡು ಹೋಗಿ ಕತ್ತಲಲ್ಲಿ ಅರ್ಧ ಗಂಟೆ ಕೂರಿಸಿ ನೋಡುವುದೇ ದಾರಿ. ಎಪ್ಸನ್‌ನ ಮೂರು ಎಲ್‌ಸಿಡಿ ಫಲಕಗಳಿರುವ ಯಂತ್ರಗಳಲ್ಲಿ, ಸೋನಿ ಹಾಗೂ ಜೆವಿಸಿಯ ಎಲ್‌ಕಾಸ್ ಎಂಬ ಬಗೆಯ ಯಂತ್ರಗಳಲ್ಲಿ ಈ ತೊಂದರೆ ಇಲ್ಲ. ಕಪ್ಪಿನ ವಿಷಯದಲ್ಲಿ ಜೆವಿಸಿಯದು ಮೇಲುಗೈ. ಬೆಲೆಯೂ ಹಾಗೇ, ಕಾಸಿಗೆ ತಕ್ಕ ಕಜ್ಜಾಯ.

ಆನ್‌ಲೈನ್‌ನಲ್ಲಿ ಹದಿನೈದು ಸಾವಿರಕ್ಕೆ ಸಿಗುವ ಪ್ರೊಜೆಕ್ಟರುಗಳನ್ನು ಹೀಗಳೆಯುವುದು ಬಲ್ಲವರ ಚಾಳಿ. ಅವುಗಳ ಪೆಟ್ಟಿಗೆಯ ಮೇಲಿನ ‘15,000 ಲ್ಯೂಮೆನ್’ ಹಸಿ ಸುಳ್ಳು, ಅದರಲ್ಲಿ ಅನುಮಾನವಿಲ್ಲ. ಪರದೆಯ ಒಂಬತ್ತು ಜಾಗಗಳಲ್ಲಿ ಅಳೆದು ಸರಾಸರಿ ತೆಗೆಯುವ ಆನ್ಸಿ ಲ್ಯೂಮೆನ್ ಲೆಕ್ಕಕ್ಕೆ ಹಿಡಿದರೆ ಹೆಚ್ಚಿನವು ಕೆಲವೇ ನೂರಕ್ಕೆ ನಿಲ್ಲುತ್ತವೆ. ಆದರೂ ಒಂದು ಮಾತು ಅವುಗಳ ಪರವಾಗಿ ಹೇಳಬೇಕು. ನಿಜವಾದ 300 ಲ್ಯೂಮೆನ್ 80 ಇಂಚಿನ ಪರದೆಗೆ ಬಿದ್ದರೆ 54 ನಿಟ್. ಥಿಯೇಟರಿನ 48ಕ್ಕಿಂತ ಒಂದು ಹಿಡಿ ಹೆಚ್ಚೇ. ಕಪ್ಪು ಅಷ್ಟಕ್ಕಷ್ಟೆ, ಮೂಲೆಗಳಲ್ಲಿ ಫೋಕಸ್ ಸಡಿಲ. ಆದರೆ ಪಿಜಿಯಲ್ಲಿರುವ ಹುಡುಗರು ದೀಪ ಆರಿಸಿ ಗೋಡೆಗೆ ಬಿಟ್ಟುಕೊಂಡು ನೋಡುವಾಗ ಅವರಿಗೆ ಸಿಗುವುದು, ಬೆಳಕು ತುಂಬಿದ ಹಾಲ್‌ನಲ್ಲಿ ಮೂರು ಲಕ್ಷದ ಲೇಸರ್ ಯಂತ್ರ ಕೊಡುವುದಕ್ಕಿಂತ ಸಿನಿಮಾಕ್ಕೆ ಹತ್ತಿರ.

ಪ್ರೊಜೆಕ್ಟರ್ ಕೊಳ್ಳುವವರು ಊರಿನ ಹವೆಯನ್ನೂ ನೆನೆಯಬೇಕು. ಮಲೆನಾಡಿನಲ್ಲೂ ಕರಾವಳಿಯಲ್ಲೂ ಮಳೆಗಾಲದಲ್ಲಿ ಬಳಸದೆ ಬಿಟ್ಟ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ರಸ್ತೆಬದಿಯ ಮನೆಯ ಧೂಳು ಫ್ಯಾನಿನ ದಾರಿಯಲ್ಲಿ ಒಳಹೊಕ್ಕು ಎಲ್‌ಸಿಡಿ ಯಂತ್ರದ ಫಲಕದ ಮೇಲೆ ಕೂತರೆ ಕತ್ತಲ ದೃಶ್ಯದಲ್ಲೆಲ್ಲ ಒಂದು ಬಣ್ಣದ ಮಚ್ಚೆ ತೇಲುತ್ತದೆ. ಬಲ್ಬಿನ ಯಂತ್ರವಾದರೆ ಆರಿಸಿದ ಮೇಲೂ ಫ್ಯಾನು ಕೆಲ ನಿಮಿಷ ತಿರುಗಿ ತಣ್ಣಗಾಗಬೇಕು. ಕರೆಂಟು ಹಠಾತ್ತನೆ ಹೋದರೆ ಆ ಅವಕಾಶ ಸಿಗದು, ಬಲ್ಬಿನ ಆಯಸ್ಸು ಕಡಿಮೆಯಾಗುತ್ತದೆ. ಯುಪಿಎಸ್ ಇಲ್ಲದೆ ಅದನ್ನು ಇಟ್ಟುಕೊಳ್ಳಬಾರದು. ದಿನಕ್ಕೆ ನಾಲ್ಕು ಗಂಟೆಯಂತೆ 4,000 ಗಂಟೆಯ ಬಲ್ಬು ಮೂರು ವರ್ಷ ತುಂಬುವುದರೊಳಗೆ ಮುಗಿಯುತ್ತದೆ, 20,000 ಗಂಟೆಯ ಲೇಸರ್ ಹದಿಮೂರು ವರ್ಷ ದಾಟುತ್ತದೆ. ಎರಡರ ಹೊಳಪೂ ಅಷ್ಟರೊಳಗೆ ಅರ್ಧಕ್ಕೆ ಇಳಿದಿರುತ್ತದೆ ಎಂಬುದನ್ನು ಕರಪತ್ರದಲ್ಲಿ ದೊಡ್ಡಕ್ಷರದಲ್ಲಿ ಯಾರೂ ಮುದ್ರಿಸುವುದಿಲ್ಲ.

ದೊಡ್ಡ ಟಿವಿಗೂ ಅದರದೇ ಸಂಕಟಗಳಿವೆ. 98 ಇಂಚಿನದರ ಅಗಲ ಏಳಡಿಗೂ ಮಿಕ್ಕು, ಪೆಟ್ಟಿಗೆ ಇನ್ನೂ ಉದ್ದ, ತೂಕ ಐವತ್ತು ಕಿಲೊ ಮೀರಬಹುದು. ಅಪಾರ್ಟ್‌ಮೆಂಟಿನ ಸಾಮಾನ್ಯ ಲಿಫ್ಟಿನಲ್ಲಿ ಅದು ಹಿಡಿಸುವುದಿಲ್ಲ. ನೆಟ್ಟಗೇ ಇಟ್ಟು ಒಯ್ಯಬೇಕು, ಮಲಗಿಸಿದರೆ ಗಾಜಿಗೆ ಅಪಾಯ. ನಾಲ್ವರು ಹೊತ್ತು ಮೆಟ್ಟಿಲ ಪ್ರತಿ ತಿರುವಿನಲ್ಲೂ ನಿಂತು, ಹಿಂದೆ ಮುಂದೆ ಮಾಡಿ, ಗೋಡೆಯ ಬಣ್ಣ ಕೆರೆದು ಮೇಲೆ ತರುತ್ತಾರೆ; ಎಂಟನೇ ಮಹಡಿಯಾದರೆ ಅವರು ಕೇಳುವ ಕೂಲಿಗೆ ಚೌಕಾಸಿ ಮಾಡುವ ಮುಖ ಯಾರಿಗೂ ಇರುವುದಿಲ್ಲ. ಆರ್ಡರ್ ಕೊಡುವ ಮುಂಚೆ ಮೆಟ್ಟಿಲ ತಿರುವನ್ನೂ ಮುಂಬಾಗಿಲನ್ನೂ ಅಳೆಯಿರಿ. ವಾರಂಟಿ ಮುಗಿದ ಮೇಲೆ ಪ್ಯಾನೆಲ್ ಹೋದರೆ ದುರಸ್ತಿಯ ಮೊತ್ತ ಹೊಸದರ ಹತ್ತಿರ ಹೋಗುವುದರಿಂದ ಹೆಚ್ಚುವರಿ ವಾರಂಟಿಗೆ ಹಣ ಕೊಡುವುದು ಇದೊಂದರಲ್ಲಿ ತಪ್ಪಲ್ಲ.

ನಮ್ಮ ಊರುಗಳ ಬಹುಪಾಲು ಮನೆಗಳಿಗೆ, ಹಾಲ್‌ನಲ್ಲೇ ಎಲ್ಲವೂ ನಡೆಯುವ ಮನೆಗಳಿಗೆ, ಸೋಫಾದ ದೂರಕ್ಕೆ ಸರಿಹೊಂದುವ 75 ಅಥವಾ 85 ಇಂಚಿನ ಮಿನಿ ಎಲ್‌ಇಡಿಯೇ ತಕ್ಕದ್ದು ಎಂಬುದು ಈ ಎಲ್ಲದರಿಂದ ನನಗೆ ಕಾಣುವ ತೀರ್ಮಾನ. ಅತ್ಯುತ್ತಮ ಕಪ್ಪು ಅದರಲ್ಲಿಲ್ಲ. ಆದರೆ ಆ ಮನೆಯಲ್ಲಿ ಅತ್ಯುತ್ತಮ ಕಪ್ಪಿಗೆ ಜಾಗವೂ ಇಲ್ಲ. ಮಲಗುವ ಕೋಣೆಯಲ್ಲಿ ರಾತ್ರಿ ಮಾತ್ರ ನೋಡುವ ದಂಪತಿಗೆ 65 ಇಂಚಿನ ಓಎಲ್‌ಇಡಿ. ಬೇರೆ ಕೋಣೆ ಇದ್ದು ಗೋಡೆಗೆ ಬಣ್ಣ ಬಳಿಯುವ ಮನಸ್ಸೂ ಇದ್ದವರಿಗೆ ಪ್ರೊಜೆಕ್ಟರ್.

ಯಾವುದನ್ನೇ ತಂದರೂ ಶೋರೂಮಿನ ‘ವಿವಿಡ್’ ಮೋಡನ್ನು ಅಂದೇ ಬದಲಿಸಿ ‘ಫಿಲ್ಮ್‌ಮೇಕರ್’ ಅಥವಾ ‘ಸಿನಿಮಾ’ ಮೋಡಿಗೆ ಹಾಕಿ, ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗನ್ನು ಆಫ್ ಮಾಡಿ. ಇಲ್ಲವಾದರೆ ಸೆಕೆಂಡಿಗೆ 24 ಚೌಕಟ್ಟಿನ ಸಿನಿಮಾ ಧಾರಾವಾಹಿಯಂತೆ ಕಾಣುತ್ತದೆ. ಓಟಿಟಿಯಲ್ಲಿ 4ಕೆ ಎಂದು ಬರುವುದು ಸಾಮಾನ್ಯವಾಗಿ ಸೆಕೆಂಡಿಗೆ ಹೆಚ್ಚೆಂದರೆ ಇಪ್ಪತ್ತು ಮೂವತ್ತು ಮೆಗಾಬಿಟ್; 4ಕೆ ಬ್ಲೂ-ರೇ ಡಿಸ್ಕಿನಲ್ಲಿ ಅದು 128ರವರೆಗೆ ಹೋಗಬಲ್ಲದು. ಹಾಗಾಗಿ ಓಟಿಟಿಯ ಕತ್ತಲ ದೃಶ್ಯಗಳು ದೊಡ್ಡ ಪರದೆಯಲ್ಲಿ ಚೌಕಚೌಕವಾಗಿ ಒಡೆಯುವುದುಂಟು, ಅದಕ್ಕೆ ಟಿವಿಯನ್ನು ಬೈದು ಪ್ರಯೋಜನವಿಲ್ಲ. ಬಜೆಟ್ಟಿನಲ್ಲಿ ಮೂರನೇ ಒಂದು ಪಾಲನ್ನಾದರೂ ಸ್ಪೀಕರಿಗೆ ಎತ್ತಿಡಿ. ಟಿವಿಯ ಬೆನ್ನಿಗಿರುವ ಸಣ್ಣ ಸ್ಪೀಕರುಗಳಿಂದ ‘ಕೆಜಿಎಫ್’ನ ಸಂಭಾಷಣೆಯೂ ಸರಿಯಾಗಿ ಕೇಳದು, ಅದರ ಗುಡುಗಂತೂ ದೂರವೇ ಉಳಿಯಿತು. ಸದ್ದು ಹಾಯಲು ಸಣ್ಣ ರಂಧ್ರಗಳಿರುವ ಪರದೆ ಹಾಕಿಸಿದ ಪ್ರೊಜೆಕ್ಟರ್ ಕೋಣೆಯಲ್ಲಿ ನಡುವಿನ ಸ್ಪೀಕರನ್ನು ಪರದೆಯ ಹಿಂದೆಯೇ, ನಟನ ಬಾಯಿಯ ಮಟ್ಟಕ್ಕೆ ಇಡಬಹುದು. ಟಿವಿಯಲ್ಲಿ ಆ ಅನುಕೂಲವಿಲ್ಲ. ಅಲ್ಲಿ ನಡುವಿನ ಸ್ಪೀಕರನ್ನು ಕೆಳಗೆ ಸ್ಟ್ಯಾಂಡಿನ ಮೇಲಿಟ್ಟು, ಮೂತಿಯನ್ನು ಸ್ವಲ್ಪ ಮೇಲಕ್ಕೆ, ಕೂತವರ ಕಿವಿಯ ಕಡೆಗೆ ವಾಲಿಸಬೇಕು.